ಅಣ್ಣ ತಮ್ಮನ ಮಾತುಕತೆ

ಬೆಳಿಗ್ಗೆ ಒಂಬತ್ತು ಗಂಟೆಗೆ ಪರದೆಯ ಮೇಲೆ ಒಂದು ಕೆಂಪು ಸಾಲು ಮೂಡಿತು: ‘ಜೋಡಿ ಕಾಣುತ್ತಿಲ್ಲ.’ ಕೇಬಲ್‌ನ ಎದೆ ಧಸಕ್ಕೆಂದಿತು.

ಕೇಬಲ್ ಎಂದರೆ ಆ ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುವ ಏಕೈಕ ಮನುಷ್ಯ. ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮಹಾ ಪುಕ್ಕಲ. ಆಸ್ಪತ್ರೆಯ ಲಿಫ್ಟ್ ನಿಂತರೂ ತನ್ನಿಂದಲೇ ನಿಂತಿತೇನೋ ಎಂದು ಬೆವರುತ್ತಿದ್ದ.

ವಾರ್ಡು, ಲ್ಯಾಬು, ಆಪರೇಷನ್ ಥಿಯೇಟರುಗಳ ಕಂಪ್ಯೂಟರುಗಳನ್ನೆಲ್ಲ ಜೋಡಿಸುವ ಸ್ವಿಚ್ಚುಗಳಿಗೆ ಅಲ್ಲಿ ಇಬ್ಬರು ಮೇಲ್ವಿಚಾರಕರಿದ್ದರು. ಕೈಕಾಲಿಲ್ಲದವರು, ಬರೀ ಸಾಫ್ಟ್‌ವೇರು. ಒಂದು ಸರ್ವರ್‌ನಲ್ಲಿ ಅಣ್ಣ, ಪಕ್ಕದ ಸರ್ವರ್‌ನಲ್ಲಿ ತಮ್ಮ. ಅಣ್ಣ ಕೆಲಸ ಮಾಡಬೇಕು, ತಮ್ಮ ನೋಡುತ್ತ ನಿಂತಿರಬೇಕು, ಅಣ್ಣ ಬಿದ್ದ ಕೂಡಲೇ ತಮ್ಮ ಹೊಣೆ ಹೊರಬೇಕು. ಅದಕ್ಕಾಗಿ ಇಬ್ಬರೂ ಸದಾ ಒಬ್ಬರನ್ನೊಬ್ಬರು ಮಾತಾಡಿಸುತ್ತಿರಬೇಕು. ಆ ಮಾತೇ ನಿಂತುಹೋಗಿತ್ತು.

ಮ್ಯಾನೇಜರು ಬಾಗಿಲಲ್ಲೇ ನಿಂತು ತೀರ್ಪು ಕೊಟ್ಟರು. “ಮೂರು ಗಂಟೆಗೆ ನಾನೇ ಬಂದು ಪರೀಕ್ಷೆ ಮಾಡ್ತೀನಿ. ಜೋಡಿ ಸರಿಯಾಗಿದ್ರೆ ನಾಳೆಯಿಂದ ಹತ್ತು ದಿನ ರಜೆ. ಇಲ್ದಿದ್ರೆ ನೀನು ಇಲ್ಲಿಂದ ಅಲ್ಲಾಡೋ ಹಾಗಿಲ್ಲ.”

ಆ ರಜೆಗಾಗಿ ಕೇಬಲ್ ನಲವತ್ತು ದಿನಗಳಿಂದ ಬಾಯಿ ಬಾಯಿ ಬಿಡುತ್ತಿದ್ದ. ದೂರದ ಊರಿನಲ್ಲಿ, ಅತ್ತೆಯ ಮನೆಯಲ್ಲಿ, ಅವನಿಗೆ ಮಗಳು ಹುಟ್ಟಿದ್ದಳು. ಅವನಿನ್ನೂ ಅವಳನ್ನು ಎತ್ತಿಕೊಂಡಿರಲಿಲ್ಲ.

“ಬೇಗ ಬನ್ರೀ,” ಎಂದಿದ್ದಳು ಹೆಂಡತಿ ಫೋನಿನಲ್ಲಿ. “ಇನ್ನೊಂದು ವಾರ ಬಿಟ್ರೆ ಅಪ್ಪ ಅಂದ್ರೆ ಫೋನೇ ಅಂದ್ಕೋತಾಳೆ ಅಂತಾರೆ ಅಮ್ಮ.”

ಕೇಬಲ್ ಒಂದೊಂದೇ ನೋಡಿದ. ಜೋಡಿಯೆಂದು ಗುರುತಿಸಲು ಕೊಟ್ಟ ತಂಡದ ಸಂಖ್ಯೆ ಇಬ್ಬರಲ್ಲೂ ಒಂದೇ ಇತ್ತು, ಅದು ಸರಿ. ವೈರು ಬದಲಾಯಿಸಿದ. ತಮ್ಮನನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದ. ಎದ್ದ ತಮ್ಮ ಅಣ್ಣನ ದನಿ ಕೇಳದೆ, ಅಣ್ಣ ಸತ್ತೇಹೋದನೆಂದು ತಿಳಿದು ಯಜಮಾನಿಕೆ ವಹಿಸಿಕೊಂಡುಬಿಟ್ಟ. ಅಣ್ಣ ಬದುಕಿಯೇ ಇದ್ದ. ಇಬ್ಬರೂ ಏಕಕಾಲಕ್ಕೆ ಅಪ್ಪಣೆ ಕೊಡತೊಡಗಿದರು, ಇಡೀ ಆಸ್ಪತ್ರೆಯ ಕಂಪ್ಯೂಟರುಗಳು ಕಲ್ಲಾಗಿ ಕೂತವು.

ದೊಡ್ಡ ಸಿಸ್ಟರ್ ಮೂರು ಮಹಡಿ ಇಳಿದು ಬಂದರು. “ಏನಪ್ಪಾ ಕೇಬಲ್, ರಕ್ತದ ರಿಪೋರ್ಟು ನನ್ನ ಕಣ್ಣೆದುರೇ ಮಾಯ ಆಯ್ತಲ್ಲ.”

“ಎರಡು ನಿಮಿಷ ಸಿಸ್ಟರ್.”

“ಥಿಯೇಟರಲ್ಲಿ ಒಬ್ರ ಹೊಟ್ಟೆ ತೆರೆದಿಟ್ಟಿದ್ದಾರೆ. ಅವರಿಗೂ ಎರಡು ನಿಮಿಷ ಅನ್ಲಾ?”

ಕೇಬಲ್‌ನ ಬೆರಳುಗಳು ಕೀಲಿಮಣೆಗೆ ಹಾರಿದವು. ತಮ್ಮನನ್ನು ನಿಲ್ಲಿಸಿದ. ಕಂಪ್ಯೂಟರುಗಳು ಉಸಿರಾಡಿದವು, ಸಿಸ್ಟರ್ ದುರುಗುಟ್ಟಿ ನೋಡಿ ಹೊರಟುಹೋದರು.

ಸರ್ವರ್ ಕೋಣೆಯ ತಂಪಿಗೆಂದು ದಿನವೂ ಬಂದು ಕೂರುವ ಸ್ಟೋರ್ ಕೀಪರ್ ಅಷ್ಟೂ ಹೊತ್ತು ಸುಮ್ಮನಿದ್ದದ್ದೇ ಹೆಚ್ಚು. “ದೂರ ದೂರ ಇಟ್ಟಿದೀಯ, ಅದಕ್ಕೇ ಮಾತಿಲ್ಲ ಕಣಯ್ಯಾ. ನಮ್ಮ ಸೊಸೆಯಂದಿರೂ ಬೇರೆ ಬೇರೆ ಮನೇಲಿದ್ದಾಗ ಹೀಗೇ ಇದ್ರು. ತಂದು ಒಂದೇ ಮನೇಲಿ ಹಾಕ್ದೆ.”

“ಈಗ ಮಾತಾಡ್ತಾರಾ?”

“ನಿಲ್ಸೋದೇ ಇಲ್ಲ.”

ಇಬ್ಬರನ್ನೂ ಒಂದೇ ಸರ್ವರ್‌ನಲ್ಲಿ ಇಡಬಾರದೆಂದು ಕೇಬಲ್‌ಗೆ ಚೆನ್ನಾಗಿ ಗೊತ್ತಿತ್ತು. ಆ ಸರ್ವರ್ ಕೆಟ್ಟರೆ ಇಬ್ಬರೂ ಜೊತೆಗೇ ಸಾಯುತ್ತಾರೆ. ಆದರೆ ಗಡಿಯಾರ ಎರಡೂವರೆ ತೋರಿಸುತ್ತಿತ್ತು. ಪರೀಕ್ಷೆ ಮುಗಿಯುವ ತನಕ ಇರಲಿ, ಸಂಜೆ ತಮ್ಮನನ್ನು ಅವನ ಜಾಗಕ್ಕೆ ಕಳಿಸಿ ನಿಜವಾದ ದೋಷ ಹುಡುಕಿದರಾಯಿತು ಎಂದುಕೊಂಡು, ಕಳ್ಳನಂತೆ ಅತ್ತಿತ್ತ ನೋಡಿ, ತಮ್ಮನನ್ನು ಅಣ್ಣನ ಸರ್ವರ್‌ಗೆ ಸಾಗಿಸಿದ. ಕೆಂಪು ಸಾಲು ಹಸಿರಾಯಿತು.

ಮೂರಕ್ಕೆ ಮ್ಯಾನೇಜರು ಬಂದರು. “ಅಣ್ಣನ್ನ ನಿಲ್ಸು.”

ಕೇಬಲ್ ಕಣ್ಣು ಮುಚ್ಚಿ ಗುಂಡಿ ಒತ್ತಿದ. ಅಣ್ಣ ಮಲಗಿದ, ತಮ್ಮ ಎದ್ದ. ಮ್ಯಾನೇಜರು ಮೇಲಿನ ವಾರ್ಡಿಗೆ ಫೋನ್ ಮಾಡಿ ಕಂಪ್ಯೂಟರುಗಳು ನಡೆಯುತ್ತಿವೆಯೇ ಎಂದು ವಿಚಾರಿಸಿದರೆ, “ಯಾಕೆ, ಏನಾಗ್ಬೇಕಿತ್ತು?” ಎಂದು ದೊಡ್ಡ ಸಿಸ್ಟರೇ ಕೇಳಿದರು. ಮ್ಯಾನೇಜರು ಹಿಗ್ಗಿ ಹೀರೇಕಾಯಿಯಾಗಿ ರಜೆಚೀಟಿಗೆ ಅಲ್ಲೇ ಸಹಿ ಹಾಕಿದರು.

“ಸಾರ್, ಇಬ್ರೂ ಈ ಡಬ್ಬದಲ್ಲೇ ಆರಾಮಾಗಿ ಸಂಸಾರ ಮಾಡ್ತಿದಾರಲ್ಲ,” ಎಂದರು ಸ್ಟೋರ್ ಕೀಪರ್, ಮೂಲೆಯ ಕುರ್ಚಿಯಿಂದ. “ಪಕ್ಕದ್ದು ಖಾಲಿ. ನಮ್ಮ ಸ್ಟೋರಿಗೆ ಕೊಡ್ಸಿ.”

“ಹೌದೇನಯ್ಯಾ? ಖಾಲಿನಾ?”

ಅಲ್ಲ ಎಂದರೆ ತಮ್ಮ ಅಲ್ಲೇಕಿಲ್ಲ ಎಂದು ಹೇಳಬೇಕು, ರಜೆ ಹೋಗುತ್ತದೆ. ಕೇಬಲ್ ಸಹಿಯಾದ ಚೀಟಿಯನ್ನು ಬಿಗಿಯಾಗಿ ಹಿಡಿದ. “ಖಾಲಿ, ಸಾರ್.”

ಹತ್ತೇ ನಿಮಿಷದಲ್ಲಿ ಆ ಸರ್ವರ್ ಔಷಧಿ ತಳ್ಳುವ ಗಾಡಿಯ ಮೇಲೆ ಮಲಗಿ ಸ್ಟೋರಿನ ಕಡೆ ಹೊರಟುಹೋಯಿತು.

ಉಳಿದ ಒಂದೇ ಸರ್ವರ್‌ನ ಮುಂದೆ ಕೇಬಲ್ ಚೀಟಿ ಹಿಡಿದು ನಿಂತ. ಅದರ ಫ್ಯಾನು ಕಟಕಟ ಎನ್ನುತ್ತಿದ್ದುದು ಅವನಿಗೆ ಈಗಷ್ಟೇ ಕೇಳಿಸಿತು. ಅದು ನಿಂತರೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಮೇಲೆ ಥಿಯೇಟರಿನಲ್ಲಿ ಯಾರದೋ ಹೊಟ್ಟೆ ತೆರೆದಿರುತ್ತದೆ, ತಾನು ಹತ್ತು ಗಂಟೆ ದೂರದ ಊರಿನಲ್ಲಿ ಮಗುವನ್ನು ಎತ್ತಿಕೊಂಡಿರುತ್ತಾನೆ.

ಫೋನು ಬಡಿದುಕೊಂಡಿತು. “ರಜೆ ಸಿಕ್ತಾ ರೀ?”

“ಸಿಕ್ತು.”

“ಮತ್ಯಾಕೆ ಹೀಗೆ ಮಾತಾಡ್ತಿದೀರಿ?”

ಅವನು ಫೋನಿಟ್ಟು ಮ್ಯಾನೇಜರ ಹಿಂದೆ ಓಡಿದ. “ಸಾರ್, ನನಗೆ ರಜೆ ಬೇಡ.”

ಮ್ಯಾನೇಜರ ಕಣ್ಣು ತುಂಬಿ ಬಂತು. “ಜೋಡಿ ಇಷ್ಟು ಗಟ್ಟಿಯಾಗಿದ್ರೂ ಹೋಗಲ್ಲ ಅಂತೀಯಲ್ಲ. ನಿನ್ನಂಥವನು ಇನ್ನೊಬ್ಬ ಇಲ್ಲ ಕಣಯ್ಯಾ.” ಚೀಟಿಯಲ್ಲಿದ್ದ ಅವನ ಹೆಸರು ಹೊಡೆದುಹಾಕಿ, ಅದೇ ಪೆನ್ನಿನಲ್ಲಿ ಸ್ಟೋರ್ ಕೀಪರ್ ಹೆಸರು ಬರೆದರು. “ಪಾಪ, ಅವರೂ ರಜೆ ಕೇಳ್ತಾನೇ ಇದ್ರು.”