ಬೆಳ್ಳಿತೆನೆ ಬಡಾವಣೆಯ ಮೊದಲ ಮನೆ

ಕೊಟ್ಟೂರೇಶನ ಬಾಯಿ ಕೊಟ್ಟೂರೇಶನ ಮಾತನ್ನೇ ಕೇಳುತ್ತಿರಲಿಲ್ಲ. ಅವತ್ತಿನ ರಗಳೆಯೆಲ್ಲ ಶುರುವಾದದ್ದು ಅಲ್ಲಿಂದಲೇ. ಸಾರಿಗೆ ಆಫೀಸಿಗೆ ಫೋನ್ ಮಾಡಿದವನು, ಶಾಮನೂರಿನಾಚೆಯ ಬೆಳ್ಳಿತೆನೆ ಬಡಾವಣೆಯೊಳಗೂ ಹರಿಹರದ ಬಸ್ಸು ಬಂದು ಹೋಗಲಿ ಎಂದು ಕೇಳಿ ಸುಮ್ಮನಾಗಿದ್ದರೆ ಸಾಕಿತ್ತು. "ಬಸ್ಸಿಗೆ ಕಾಯೋ ಜನ ಇಲ್ಲಿ ಇರುವೆ ಸಾಲಿದ್ದಂಗೆ ಸಾರ್, ನಿಂತು ನಿಂತು ಎಲ್ರಿಗೂ ಕಾಲು ಬಾತೋಗ್ಯಾವೆ" ಎಂದುಬಿಟ್ಟ.

"ಹೌದೇನ್ರಿ? ಹಂಗಾದ್ರೆ ಇವತ್ತೇ ಬಸ್ ತಗೊಂಡು ಬರ್ತೀನಿ," ಎಂದರು ಅಧಿಕಾರಿ ಅಂಜನ್ ಕುಮಾರ್. "ಜನ ಇದ್ರೆ ಬಸ್ಸು. ಇಲ್ದಿದ್ರೆ ಜೀವಮಾನದಾಗೆ ನನಗೆ ಫೋನ್ ಮಾಡಬ್ಯಾಡ್ರಿ."

ಕೊಟ್ಟೂರೇಶ್ ಫೋನ್ ಇಟ್ಟು ತಲೆ ಮೇಲೆ ಕೈ ಹೊತ್ತ. ಇಡೀ ಬಡಾವಣೆಯಲ್ಲಿ ಬಸ್ಸಿಗೆ ಕಾಯುವ ಇರುವೆ ಒಂದೇ, ಅದು ಅವನೇ. ಉಳಿದವರ ಮನೆಯಲ್ಲಿ ಚಪ್ಪಲಿಗಿಂತ ಬೈಕು ಜಾಸ್ತಿ. ಅವನೂ ಒಮ್ಮೆ ಸ್ಕೂಟರ್ ಕಲಿಯಲು ಹೋಗಿ ಎದುರುಮನೆ ಮರುಳಸಿದ್ದಮ್ಮನ ತಿಪ್ಪೆಯೊಳಗೆ ಇಳಿದಿದ್ದ. ಅಂದಿನಿಂದ ಮೇನ್ ರೋಡಿನ ತನಕ ನಡೆದು, ಬೆವರು ಸುರಿಸಿಕೊಂಡು ಬಸ್ ಹತ್ತಿ, ಗುತ್ತೂರಿನ ಫ್ಯಾಕ್ಟರಿಗೆ ಹೋಗಿ ಬರುವುದೇ ಅವನ ಪಾಡು.

"ಈಗೇನ್ ಮಾಡ್ತೀರಿ?" ಎಂದಳು ಹೆಂಡತಿ ರೂಪಶ್ರೀ.

"ಜನಾನ ಕೂಡಿಸ್ತೀನಿ," ಎಂದವನೇ ಲುಂಗಿ ಬಿಚ್ಚಿ ಪ್ಯಾಂಟು ಏರಿಸಿಕೊಂಡು ಓಡಿದ.

ಮನೆಮನೆಯ ಬೆಲ್ ಒತ್ತಿದ. ಬಸ್ಸು ಬೇಡವೆಂದವರು ಒಬ್ಬರೂ ಇಲ್ಲ. "ಬರಲೇಬೇಕ್ರಿ! ಪಾಪ, ಬೇರೆಯವರಿಗೆ ಅನುಕೂಲ ಆಗ್ತೈತೆ," ಎಂದರು ಎಲ್ಲರೂ. ಬಾಗಿಲು ಮಾತ್ರ ಮೆಲ್ಲಗೆ ಮುಚ್ಚಿಕೊಂಡಿತು. ಸಂಘದ ಅಧ್ಯಕ್ಷ ಹಾಲಸ್ವಾಮಿ ಮಾತು ಕೊಟ್ಟಂತೆ ಬಂದರು. ಆದರೆ ನಾಲ್ಕು ಮನೆ ದಾಟಿ ಬರಲು ಅವರು ಕಾರು ತಂದಿದ್ದರು. "ಬಸ್ಸಿಗೆ ನನ್ನ ಪೂರ್ತಿ ಬೆಂಬಲ ಐತೆ. ಕಾರು ಎಲ್ಲಿ ನಿಲ್ಲಿಸ್ಲಿ?" ಎಂದು ಗಾಜು ಇಳಿಸಿ ಕೇಳಿದರು.

ಅಷ್ಟರಲ್ಲಿ ಬಸ್ಸಿಗಿಂತ ಮುಂಚೆ ಸಾರಿಗೆ ಆಫೀಸಿನ ಜೀಪು ಬಂತು. ಅಂಜನ್ ಕುಮಾರ್ ಇಳಿದು ಸುತ್ತ ನೋಡಿದರು. ಬೀದಿಯಲ್ಲಿ ಒಂದು ನಾಯಿ ಆಕಳಿಸುತ್ತಿತ್ತು.

"ಎಲ್ರಿ ಇರುವೆ ಸಾಲು?"

"ಬರ್ತಾ ಐತೆ ಸಾರ್," ಎಂದ ಕೊಟ್ಟೂರೇಶ್. ಹೊತ್ತು ಕಳೆಯಬೇಕು, ಹೇಗೆ? ಬಾಯಿ ಮತ್ತೆ ತಾನಾಗಿ ತೆರೆದುಕೊಂಡಿತು. "ಅಲ್ಲೀ ತನಕ ಈ ಬಡಾವಣೆ ಚರಿತ್ರೆ ಹೇಳ್ತೀನಿ, ಕೇಳ್ರಿ. ನೀವು ನಿಂತಿರೋ ಜಾಗ ಮೆಕ್ಕೆಜೋಳದ ಹೊಲ ಆಗಿತ್ತು. ಮೊದಲ ಮನೆ ನಂದು, ಆ ಮೂಲೆದು. ರಾತ್ರಿ ನರಿ ಊಳಿಟ್ರೆ ನಮ್ಮಾಕಿ ಅಳೋಳು, ನಮ್ಮಾಕಿ ಅತ್ರೆ ನರಿ ಸುಮ್ನಾಗೋದು. ಹಾಲಿನೋನು, ಹೊಲದಾಗೆ ಮನೆ ಕಟ್ಟಿದೋರಿಗೆ ಹಾಲು ಹಾಕಲ್ಲ ಅಂತಿದ್ದ. ಈಗ ನೋಡ್ರಿ! ಮೂರು ಬೆಣ್ಣೆದೋಸೆ ಹೋಟ್ಲು, ಎರಡು ಜಿಮ್ಮು. ದೋಸೆ ತಿಂದು ಜಿಮ್ಮಿಗೆ ಹೋಗ್ತಾರೆ, ಜಿಮ್ಮಿಂದ ದೋಸೆಗೆ ಬರ್ತಾರೆ. ಸೋನೆ ಮಳೆಗೆ ಎದ್ದ ಅಣಬೆಯಂಗೆ ಮನೆ ಎದ್ದಾವೆ ಸಾರ್! ಇದನ್ನೆಲ್ಲ ಮೊದಲು ಬಂದು ನೋಡಿದೋನು ನಾನು!"

"ಏ ಕೊಟ್ರೇಶಿ!" ಎದುರುಮನೆ ಕಟ್ಟೆಯಿಂದ ಮರುಳಸಿದ್ದಮ್ಮ ಗುಡುಗಿದಳು. ಬಡಾವಣೆಯ ಅರ್ಧ ಭೂಮಿ ಒಂದು ಕಾಲಕ್ಕೆ ಅವಳ ಮನೆತನದ್ದೇ. "ನೀನೇನಲೇ ಮೊದಲು? ನಿನ್ನ ಅಡುಗೆಮನೆ ಐತಲ್ಲ, ಅಲ್ಲಿ ನಮ್ಮ ಎತ್ತು ಮಲಗ್ತಿದ್ವು!"

"ಎತ್ತಿನ ಮಾತು ಬ್ಯಾಡ ಬಿಡವ್ವ," ಎಂದು ಹಾಲಸ್ವಾಮಿ ಕಾರಿನಿಂದ ಇಳಿದೇ ಬಿಟ್ಟರು. "ಗೃಹಪ್ರವೇಶ ಮೊದಲು ಆಗಿದ್ದು ನಂದು. ಇವಂದು ಆವಾಗ ಬರೀ ತಗಡಿನ ಶೆಡ್ಡು!"

"ನಿಮ್ಮ ಗೃಹಪ್ರವೇಶಕ್ಕೆ ನೀರು ಎಲ್ಲಿಂದ ಬಂತ್ರಿ? ನಮ್ಮ ತೊಟ್ಟಿಯಿಂದ!" ಎಂದ ಕೊಟ್ಟೂರೇಶ್.

ಪಕ್ಕದ ಮನೆಯಿಂದ ಖಾಜಾ ಹುಸೇನ್ ಅರ್ಧ ಗಡ್ಡಕ್ಕೆ ಸೋಪಿನ ನೊರೆ ಹಚ್ಚಿಕೊಂಡೇ ಹೊರಬಂದ. "ನಿಮ್ಮ ತೊಟ್ಟಿಗೆ ನೀರು ಬಿಟ್ಟೋನು ಯಾರು ಭಾಯ್? ನನ್ನ ಬೋರು! ಮೊದಲು ನಾನು!"

ಬಸ್ಸಿಗೆಂದು ಕರೆದಾಗ ತೆರೆಯದ ಬಾಗಿಲುಗಳೆಲ್ಲ ಈಗ ಫಟಫಟನೆ ತೆರೆದವು. ಜಿಮ್ಮಿನಿಂದ ಬೆವರುವವರು ಬಂದರು, ದೋಸೆ ಹೋಟೆಲಿನಿಂದ ಕೈ ತೊಳೆಯದವರು ಬಂದರು. ಮೊದಲ ಕರೆಂಟು ಕಂಬ ನಮ್ಮದೆಂದರು ಒಬ್ಬರು. ಮೊದಲು ಹಾವು ಹೊಕ್ಕಿದ್ದು ನಮ್ಮ ಮನೆಗೇ ಎಂದು ಇನ್ನೊಬ್ಬರು ಎದೆ ಸೆಟೆಸಿದರು. ಕ್ಷಣದಲ್ಲಿ ಬೀದಿ ಸಂತೆಯಾಯಿತು. ಜನರ ನಡುವೆ ಸಿಕ್ಕಿದ ಅಂಜನ್ ಕುಮಾರ್ ಟೋಪಿ ಹಿಡಿದುಕೊಂಡು ಕಣ್ಣರಳಿಸಿದರು.

"ಇಷ್ಟೊಂದು ಜನಾನೇನ್ರಿ!"

"ನಾನು ಹೇಳಲಿಲ್ವಾ ಸಾರ್?" ಎಂದ ಕೊಟ್ಟೂರೇಶ್.

ಆಗಲೇ ಬಸ್ಸು ಹಾರ್ನ್ ಹೊಡೆಯುತ್ತ ಬೀದಿಗೆ ತಿರುಗಿತು. "ಹತ್ತ್ರಿ ಎಲ್ರೂ, ಒಂದು ರೌಂಡ್ ಹಾಕಾಣ!" ಎಂದರು ಅಧಿಕಾರಿ. ಜಗಳ ನಿಲ್ಲಿಸಲು ಯಾರೂ ತಯಾರಿರಲಿಲ್ಲ. ಮರುಳಸಿದ್ದಮ್ಮ ಬೈಯುತ್ತ ಹತ್ತಿದಳು. ಉತ್ತರ ಕೊಡಲು ಹಾಲಸ್ವಾಮಿ ಹತ್ತಿದರು, ಸಾಕ್ಷಿ ಹೇಳಲು ಖಾಜಾ ಹುಸೇನ್ ನೊರೆಸಮೇತ ಹತ್ತಿದ. ಸೀಟು ತುಂಬಿ, ನಿಲ್ಲುವ ಜಾಗ ತುಂಬಿ, ಬಸ್ಸು ಒಂದು ಕಡೆ ವಾಲಿತು. ಫುಟ್‌ಬೋರ್ಡಿನ ಮೇಲೆ ಕೊಟ್ಟೂರೇಶ್ ಕೋಟೆ ಗೆದ್ದ ದಳವಾಯಿಯಂತೆ ನಿಂತಿದ್ದ. ರೂಪಶ್ರೀ ತಾರಸಿಯ ಮೇಲಿಂದ ಬೊಗಸೆ ತುಂಬ ಸೇವಂತಿಗೆ ಎರಚಿದಳು. ಇಷ್ಟು ವರ್ಷ ಮೇನ್ ರೋಡಿಗೆ ನಡೆದು ಸವೆದ ಅವನ ಕಾಲುಗಳಿಗೆ ರೆಕ್ಕೆ ಬಂದಂತಿತ್ತು.

ಸುತ್ತು ಮುಗಿಸಿ ಇಳಿದ ಅಂಜನ್ ಕುಮಾರ್ ಕೈಯೆತ್ತಿ ಸಾರಿದರು: "ಬಸ್ಸು ಮಂಜೂರು! ಇವತ್ತಿಂದಾನೇ!"

ಶಿಳ್ಳೆ ಬಿತ್ತು. ಜಗಳವಾಡುತ್ತಿದ್ದವರೇ ಕೊಟ್ಟೂರೇಶನನ್ನು ಹೆಗಲ ಮೇಲೆ ಎತ್ತಿಕೊಂಡು ಕುಣಿದರು.

"ಒಂದೇ ಒಂದು ಕೆಲಸ ಉಳಿದೈತೆ," ಎಂದರು ಅಧಿಕಾರಿ. "ಸ್ಟಾಪ್ ಎಲ್ಲಿ ಮಾಡಾಣ? ಶೆಲ್ಟರ್ ಕಟ್ಟಬೇಕು, ಬೆಂಚು ಹಾಕಬೇಕು, ಬಸ್ಸು ಹೊತ್ತೊತ್ತಿಗೆ ನಿಂತು ಹಾರ್ನ್ ಹೊಡೀಬೇಕು. ನಿಮ್ಮ ಚರಿತ್ರೆ ಕೇಳಿ ನನಗೆ ಬಾಳ ಖುಷಿ ಆತು. ಬಡಾವಣೆಯಾಗೆ ಮೊದಲು ಮನೆ ಕಟ್ಟಿದೋರ ಗೇಟಿನ ಮುಂದೇನೇ ಮಾಡಾಣ. ಹೇಳ್ರಿ, ಮೊದಲನೆಯವರು ಯಾರು?"

ಎಲ್ಲರೂ ತಂತಮ್ಮ ಗೇಟಿನ ಕಡೆ ಒಮ್ಮೆ ತಿರುಗಿ ನೋಡಿದರು.

ಮೊದಲು ಕೆಮ್ಮಿದವರು ಹಾಲಸ್ವಾಮಿ. "ಸತ್ಯ ಸತ್ಯಾನೇ ಸಾರ್. ನಾವೆಲ್ಲ ಆಮ್ಯಾಲೆ ಬಂದೋರು. ಕೊಟ್ಟೂರೇಶೇ ಮೊದಲು."

"ಎತ್ತು ಗೇಟು ಕಟ್ಟಿಸ್ತಾವೇನಪ್ಪ? ಕೊಟ್ರೇಶೀನೇ ಮೊದಲು," ಎಂದಳು ಮರುಳಸಿದ್ದಮ್ಮ.

"ಖುದಾನ ಆಣೆ, ಕೊಟ್ಟೂರೇಶ್ ಭಾಯೇ," ಎಂದ ಖಾಜಾ ಹುಸೇನ್.

"ಇಲ್ರಿ! ಹಾಲಸ್ವಾಮಿಯವರ ಗೃಹಪ್ರವೇಶ ಮೊದಲು! ನಂದು ಬರೀ ತಗಡಿನ ಶೆಡ್ಡು!" ಎಂದು ಕೊಟ್ಟೂರೇಶ್ ಹೆಗಲ ಮೇಲಿಂದಲೇ ಕೂಗಿಕೊಂಡ. ಜಯಕಾರದಲ್ಲಿ ಅದು ಮುಳುಗಿಹೋಯಿತು. "ಎಂಥಾ ದೊಡ್ಡ ಗುಣ ನೋಡ್ರಿ!" ಎಂದು ಅಂಜನ್ ಕುಮಾರ್ ಅವನ ಗೇಟಿನ ಮುಂದೆ ತಾವೇ ನಿಂತು ಸುಣ್ಣದ ಗೆರೆ ಎಳೆಸಿದರು.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಫ್ಯಾಕ್ಟರಿಗೆ ಹೊರಡುವ ಮುನ್ನ ಬುತ್ತಿ ತೆಗೆದುಕೊಳ್ಳಲು ಕೊಟ್ಟೂರೇಶ್ ಜನರ ಕೈಯಿಂದ ಬಿಡಿಸಿಕೊಂಡು ಮನೆ ಕಡೆ ಬರುವಷ್ಟರಲ್ಲಿ ಅಕ್ಕಪಕ್ಕದ ಬಡಾವಣೆಗಳಿಂದೆಲ್ಲ ಜನ ಬಂದು ಅವನ ಗೇಟಿನ ಮುಂದೆ ನೆರೆದಿದ್ದರು. ಕಾಂಪೌಂಡಿನ ಮೇಲೆ ಚೀಲಗಳು, ಮೆಟ್ಟಿಲ ಮೇಲೆ ಮಂಡಕ್ಕಿ ಪೊಟ್ಟಣಗಳು. ಈ ಸಲ ನಿಜವಾಗಿಯೂ ಇರುವೆ ಸಾಲೇ. "ಸ್ವಲ್ಪ ದಾರಿ ಬಿಡ್ರಿ," ಎನ್ನುತ್ತ ಅವನು ಗೇಟಿಗೆ ಕೈ ಚಾಚಿದ.

ಕುಕ್ಕೆ ಹಿಡಿದು ನಿಂತಿದ್ದ ಮುದುಕಿಯೊಬ್ಬಳು ಅವನ ತೋಳು ಹಿಡಿದು ಹಿಂದಕ್ಕೆ ತಳ್ಳಿದಳು.

"ಎಲ್ಲಿ ನುಗ್ತೀಯಪ್ಪ? ಮೊದಲು ಬಂದೋರು ನಾವು. ಹಿಂದೆ ಹೋಗಿ ನಿಲ್ಲು."