ಮಠದ ಶಾಲೆಗೆ ಎಂಟೂವರೆ ಕಿಲೋಮೀಟರು

ನಾನು ಸುಮ್ಮನೆ ನಿಂತರೂ ಫಜೀತಿ ನನ್ನ ವಿಳಾಸ ಕೇಳಿಕೊಂಡು ಬರುತ್ತದೆ. ಎಂಟನೇ ಇಯತ್ತೆಗೆ ಶಾಲೆ ಬಿಟ್ಟವನು, ಈಗ ಪುಣೆಯ ಬಿಬವೇವಾಡಿಯ ಗ್ಯಾರೇಜಿನಲ್ಲಿ ಪಂಕ್ಚರ್ ಹಚ್ಚುತ್ತೇನೆ. ನಮ್ಮ ಶಾಲೆ ಕಡೆಯ ಬಸ್ಸು ದಿನಾ ಗ್ಯಾರೇಜಿನ ಮುಂದಿನಿಂದಲೇ ಹೋಗುತ್ತದೆ. ಕೈ ಟಯರಿನಲ್ಲೇ ಇರುತ್ತದೆ, ಕಣ್ಣು ಮಾತ್ರ ಬಸ್ ಹತ್ತಿ ಹೋಗಿಬಿಡುತ್ತದೆ.

ಅದು ಮಠದವರ ಕನ್ನಡ ಶಾಲೆ. ಮನೆ ಬಿಟ್ಟರೆ ಪುಣೆಯಲ್ಲಿ ನನ್ನನ್ನು ಕನ್ನಡದಲ್ಲಿ ಬೈಯುವವರು ಇದ್ದದ್ದು ಅಲ್ಲಿ ಮಾತ್ರ. ಅಲ್ಲಿಗೆ ಹೋಗಲಿಕ್ಕೆ ಪಾಲಿಕೆಯವರೇ ಬಸ್ ಪಾಸ್ ಕೊಡುತ್ತಿದ್ದರು; ದಿನಾ ಟಿಕೇಟು ಕೊಳ್ಳುವ ತಾಕತ್ತು ಅಪ್ಪನಿಗಿರಲಿಲ್ಲ.

೧. ಹಣೆಯೇ ಪಾಸು

ಕಂಡಕ್ಟರ್ ನಮ್ಮ ಪಾಸು ನೋಡುತ್ತಲೇ ಇರಲಿಲ್ಲ. ಹಣೆಯ ಮೇಲೆ ವಿಭೂತಿ ಕಂಡರೆ ಸಾಕು, ಮುಂದೆ ಹೋಗುತ್ತಿದ್ದ. ಒಂದು ದಿನ ನಮ್ಮ ಓಣಿಯ ಉಡುಪಿ ಹೋಟೆಲಿನ ದೋಸೆ ಭಟ್ಟರು ಬಸ್ಸಿನಲ್ಲಿ ಸಿಕ್ಕರು. "ಟಿಕೇಟ್ ಯಾಕ್ರೀ? ತಲಿ ಬಗ್ಗಸ್ರಿ" ಎಂದು ಅವರ ಹಣೆಗೂ ಮೂರು ಗೆರೆ ಎಳೆದೆ.

ಕಂಡಕ್ಟರ್ ನಿಂತು ನೋಡಿದ. "ಯಾವ ಇಯತ್ತೆ?" ಅಂದ, ಮರಾಠಿಯಲ್ಲಿ.

ಭಟ್ಟರು ಗಾಬರಿಯಾಗಿ, "ನಾಲ್ಕನೇದು" ಅಂದುಬಿಟ್ಟರು.

"ಮೀಸೆ ಕಾಲೇಜು ಮುಗಿಸಿದೆ, ನೀನಿನ್ನೂ ನಾಲ್ಕನೇದಾ? ತೆಗಿ ಟಿಕೇಟು!"

೨. ಸಂಸ್ಕಾರ

ಆಮೇಲೆ ಪಾಲಿಕೆ ನಿಯಮ ಬಿಗಿ ಮಾಡಿತು. ಮನೆ ಹತ್ತಿರ ಪಾಲಿಕೆ ಶಾಲೆ ಇದ್ದೂ ಧರ್ಮದ ಶಾಲೆ ಯಾಕೆ ಬೇಕು, ಆಫೀಸಿಗೆ ಬಂದು ಹೇಳಿ ಅಂದರು. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು, "ಅಲ್ಲಿ ಸಂಸ್ಕಾರ ಕಲಸ್ತಾರ್ರಿ" ಅಂದ.

ಕ್ಲಾರ್ಕ್ ನನ್ನತ್ತ ತಿರುಗಿದ. "ಊಟದ ಮುಂಚಿನ ಮಂತ್ರ ಹೇಳು."

ನಾನು ಕೊನೆಯ ಎರಡು ಶಬ್ದ ಹೇಳಿ ಕೈಮುಗಿದೆ.

"ಉಳಿದದ್ದು?"

"ನಾ ಸಾಲಿ ಮುಟ್ಟೋದ್ರಾಗ ಅಷ್ಟ ಉಳಿದಿರ್ತದ್ರಿ."

"ಇವನಿಗೆ ಪಾಸು ಬೇಕೇ ಬೇಕು" ಅಂದ ಕ್ಲಾರ್ಕ್, "ಮಂತ್ರದ ಹೊತ್ತಿಗಾದರೂ ಮುಟ್ಟಲಿ."

೩. ಮಾರುತಿ ಎರಡು

ಇನ್ನು ದೂರ ಅಳೆಯುವುದೊಂದೇ ಬಾಕಿ. ಮೂರು ಕಿಲೋಮೀಟರಿಗಿಂತ ಹೆಚ್ಚಿರಬೇಕು ಎಂದು ಹೆಡ್‌ಮಾಸ್ತರರು ನೋಟೀಸು ಓದುವಾಗ ಕೇಳಿಸಿಕೊಂಡಿದ್ದೆ. ನೋಟೀಸಿನ ಮುಂದಿನ ಸಾಲು ಓದುವಾಗ ನಾನಿರಲಿಲ್ಲ, ಹತ್ತು ನಿಮಿಷ ಮೊದಲೇ ಗಂಟೆ ಬಾರಿಸಲು ಓಡಿದ್ದೆ.

ಪಾಲಿಕೆಯ ಸಾಹೇಬರು ಸ್ಕೂಟರ್ ತಂದರು. ದಾರಿ ತೋರಿಸಲು ಹಿಂದೆ ನಾನು. ನೇರ ಹೋದರೆ ಐದೇ ಕಿಲೋಮೀಟರು. ದೂರ ಹೆಚ್ಚಾದಷ್ಟೂ ಪಾಸು ಗಟ್ಟಿ ಎಂದು ಸುತ್ತುಬಳಸಿ ಕೊಂಢವಾ ಕಡೆ ತಿರುಗಿಸಿದೆ.

"ಈ ಮಾರುತಿ ಗುಡಿ ಆಗಲೇ ಬಂದಿತ್ತಲ್ಲೋ?"

"ಅವ ಬ್ಯಾರೆ ಮಾರುತಿ ರೀ."

"ದಿನಾ ಇದೇ ದಾರಿಯಾ?"

"ವಿಭೂತಿ ಆಣೆ ರೀ!"

ಎಂಟೂವರೆ ಬಂತು. ಆಫೀಸಿನಲ್ಲಿ ನಾನು ಎದೆ ಉಬ್ಬಿಸಿ ನಿಂತೆ. ಸಾಹೇಬರು ಫೈಲು ಮುಚ್ಚಿದರು. "ಎಂಟರೊಳಗಿದ್ದರೆ ಮಾತ್ರ ಪಾಸು. ಇದು ದೂರ ಆಯಿತು."

ಅಪ್ಪ ಹೌಹಾರಿದ. "ಸಾಹೇಬ್ರ, ಐದ ಅದ್ರಿ!"

"ನಿಮ್ಮ ಹುಡುಗ ವಿಭೂತಿ ಆಣೆ ಮಾಡಿದಾನೆ. ಸಂಸ್ಕಾರದ ಶಾಲೆ ಅಂದಿದ್ದಿರಿ. ಅಲ್ಲಿಯ ಹುಡುಗ ಸುಳ್ಳು ಹೇಳುತ್ತಾನಾ?"

ಹೌದು ಅಂದರೆ ಶಾಲೆಯ ಮರ್ಯಾದೆ ಹೋಗುತ್ತದೆ, ಇಲ್ಲ ಅಂದರೆ ಪಾಸೇ ಹೋಗುತ್ತದೆ. ಅಪ್ಪ ಇಸ್ತ್ರಿ ಅಂಗಿಯ ಕಾಲರು ಸರಿಮಾಡಿಕೊಂಡ.

"ಇಲ್ರಿ" ಅಂದ, "ನಮ್ಮ ಹುಡುಗ ಸುಳ್ಳು ಹೇಳಂಗಿಲ್ಲ."

ಹುಟ್ಟಿದಾಗಿನಿಂದ ಅಪ್ಪ ನನ್ನ ಬಗ್ಗೆ ಆಡಿದ ಒಂದೇ ಒಂದು ಒಳ್ಳೆಯ ಮಾತು. ಅದಕ್ಕೇ ನನ್ನ ಶಾಲೆ ಹೋಯಿತು.