ಮಾಲೇ ಇಲ್ಲದ ಮಾಲು

ಕನ್ನಡಿಗರು ಒಬ್ಬರಿಗೊಬ್ಬರು ಅತಿ ಹೆಚ್ಚು ಸಲ ಹೇಳುವ ಸುಳ್ಳು ಯಾವುದೆಂದು ಯಾರಾದರೂ ಕೇಳಿದರೆ ನಾನು ತಡವರಿಸದೆ ಹೇಳಿಬಿಡುತ್ತೇನೆ: “ಒಂದ್ಸಲ ಮನೆಗೆ ಬನ್ನಿ.” ಇದಕ್ಕೆ “ಖಂಡಿತ, ಮೊದಲು ನೀವು ಬನ್ನಿ” ಎಂದುಬಿಟ್ಟರೆ ವ್ಯವಹಾರ ಮುಗಿಯಿತು. ಇಬ್ಬರೂ ಹೋಗುವುದಿಲ್ಲ, ಇಬ್ಬರಿಗೂ ಬೇಸರವಿಲ್ಲ. ನಡುವೆ ವಿಳಾಸ ಕೇಳುವುದು ಶುದ್ಧ ಅಸಭ್ಯತನ. ಹಾಸನದಿಂದ ಅಮೆರಿಕಕ್ಕೆ ಹೊರಟಾಗ ಮಾವಿನಕಾಯಿ ಉಪ್ಪಿನಕಾಯಿಯ ಜೊತೆ ಈ ಮಾತನ್ನೂ ಕಟ್ಟಿಕೊಂಡು ಬಂದಿದ್ದೆ. ಉಪ್ಪಿನಕಾಯಿಯನ್ನು ಏರ್‌ಪೋರ್ಟಿನಲ್ಲಿ ಕಿತ್ತುಕೊಂಡರು, ಮಾತನ್ನು ಬಿಟ್ಟರು. ಮಾತನ್ನು ಕಿತ್ತುಕೊಂಡು ಉಪ್ಪಿನಕಾಯಿಯನ್ನು ಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ.

ಈ ಮಾತನ್ನು ನಾನು ಧಾರಾಳವಾಗಿ ಖರ್ಚು ಮಾಡಿದ್ದು ನಮ್ಮ ಶಾಪಿಂಗ್ ಮಾಲಿನಲ್ಲಿ. ಹೇವರ್ಡಿನ ನಮ್ಮ ಅಪಾರ್ಟ್‌ಮೆಂಟಿನಿಂದ ಹೊರಟು ಫ್ರೀವೇ ಹಿಡಿದರೆ ಸ್ವಲ್ಪ ದೂರದಲ್ಲೇ ಇತ್ತು. ಮೊದಲು ಅಲ್ಲಿ ಏಪ್ರಿಕಾಟ್ ತೋಟವಿತ್ತಂತೆ. ತೋಟ ಕಡಿದು ಮಾಲು ಕಟ್ಟಿದರು, ಬಾಗಿಲಲ್ಲಿ ಪ್ಲಾಸ್ಟಿಕ್ ಗಿಡ ಇಟ್ಟರು. ನಾವು ಬಂದ ಹೊಸತರಲ್ಲಿ ಅದರ ವೈಭವವೇ ವೈಭವ. ಮೂಲೆಗೊಂದು ದೊಡ್ಡಂಗಡಿ, ನಡುವೆ ಕಾರಂಜಿ, ಶನಿವಾರ ಬಂತೆಂದರೆ ಕಾರು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಹಸಿವಾಗುತ್ತಿತ್ತು. ನನ್ನ ಹೆಂಡತಿ ವಿಮಲಾ ‘ಸೇಲ್’ ಎಂಬ ಬೋರ್ಡು ಕಂಡಲ್ಲೆಲ್ಲ ಒಳಗೆ ನುಗ್ಗುತ್ತಿದ್ದಳು. ನಾನು ಅವಳ ವ್ಯಾನಿಟಿ ಬ್ಯಾಗು ಹಿಡಿದು ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದೆ. ಅದೇ ಬೆಂಚಿನ ಆ ತುದಿಯಲ್ಲಿ ಇನ್ನೊಂದು ವ್ಯಾನಿಟಿ ಬ್ಯಾಗು ಹಿಡಿದು ಕೂತಿದ್ದವರು ಉಡುಪಿ ಕಡೆಯ ಶೆಟ್ಟರು. “ನಿಮ್ಮವರೂ ಒಳಗೆ ಹೋಗಿ ಆಯ್ತಾ ಮಾರಾಯ್ರೆ?” ಎಂದು ಕೇಳಿದರು. ಗೆಳೆತನ ಶುರುವಾಯಿತು. ಹೆಂಗಸರು ಹೊರಬಂದ ಮೇಲೆ “ಒಂದ್ಸಲ ಮನೆಗೆ ಬನ್ನಿ”, “ಮೊದಲು ನೀವು ಬನ್ನಿ” ಎರಡೂ ಸಾಂಗವಾಗಿ ನಡೆದವು.

ಆಮೇಲೆ ಲೋಕಕ್ಕೆಲ್ಲ ಫೋನಿನೊಳಗೇ ಅಂಗಡಿ ಸಿಕ್ಕಿತು, ಮಾಲಿಗೆ ಕಾಯಿಲೆ ಹಿಡಿಯಿತು. ಮೊದಲು ಪುಸ್ತಕದ ಅಂಗಡಿ ಹೋಯಿತು. ದೊಡ್ಡಂಗಡಿಗಳು ಒಂದೊಂದಾಗಿ ಮುಚ್ಚಿದವು. ಗೋಡೆಯಿಂದ ಹೆಸರು ಕಿತ್ತರೂ ಅಕ್ಷರಗಳಿದ್ದ ಜಾಗ ಬೆಳ್ಳಗೆ ಉಳಿದು ಮೊದಲಿಗಿಂತ ಸ್ಪಷ್ಟವಾಗಿ ಓದಲು ಬರುತ್ತಿತ್ತು. ಕಾರಂಜಿಯ ನೀರು ನಿಲ್ಲಿಸಿ ಅಲ್ಲಿ ಮಸಾಜು ಕುರ್ಚಿಗಳನ್ನಿಟ್ಟರು. ಅವುಗಳ ಮೇಲೂ ಯಾರೂ ಕೂರಲಿಲ್ಲ. ಈ ಪಾಪದಲ್ಲಿ ನನ್ನ ಪಾಲೂ ಇದೆ. ಚಪ್ಪಲಿ ಅಂಗಡಿಯ ಎದುರಿಗೆ ಕೂತು, ಅದರ ಮಾಲೀಕನಿಗೆ ನಗುನಗುತ್ತ ಕೈಬೀಸಿ, ಫೋನಿನಲ್ಲಿ ಚಪ್ಪಲಿ ತರಿಸಿಕೊಂಡ ಮಹಾನುಭಾವ ನಾನು.

ಅಷ್ಟರಲ್ಲಿ ನಮ್ಮ ಮಂಡಿಗಳೂ ಮುಷ್ಕರ ಹೂಡಿದ್ದವು. ಡಾಕ್ಟರು ನಡೆಯಿರಿ ಎಂದರು. ಮಾಲಿನ ನೆಲ ಸಮತಟ್ಟು, ಬಿಸಿಲಿಲ್ಲ, ಅಡ್ಡ ಬರುವವರಂತೂ ಇಲ್ಲವೇ ಇಲ್ಲ. ದಿನಾ ಬೆಳಿಗ್ಗೆ ನಾವಿಬ್ಬರು, ಶೆಟ್ಟರು ಮತ್ತು ಅವರ ಹೆಂಡತಿ ಬರಿದಾದ ಅಂಗಡಿಗಳ ಮುಂದೆ ಸುತ್ತು ಹೊಡೆಯತೊಡಗಿದೆವು. ಒಂದು ದಿನ ಶೆಟ್ಟರು ಖಾಲಿ ಗಾಜಿನೊಳಗೆ ಇಣುಕಿ, “ಎಂತ ಮಾರಾಯ್ರೆ, ಮಾಲೇ ಇಲ್ಲದ ಮಾಲು ಇದು!” ಎಂದರು. ನಾವು ನಕ್ಕ ಸದ್ದಿಗೆ ಸೆಕ್ಯೂರಿಟಿಯವನು ಓಡಿ ಬಂದ. ಪಾಪ, ಅವನಿಗೂ ಬೇರೆ ಕೆಲಸವಿರಲಿಲ್ಲ.

ಆಮೇಲೆ ಕೆಲವು ವಾರ ಶೆಟ್ಟರು ಕಾಣಲಿಲ್ಲ. ಬಂದಾಗ ಒಬ್ಬರೇ ಬಂದರು, ಕೈಯಲ್ಲಿ ಹೆಂಡತಿಯ ಬ್ಯಾಗು. “ಅವಳು ಹೋದಳು. ಇದು ಕೈಯಲ್ಲಿ ಇಲ್ಲದಿದ್ದರೆ ನಡೆಯಲಿಕ್ಕೆ ಆಗುದಿಲ್ಲ, ಅಭ್ಯಾಸ,” ಎಂದರು. ನನ್ನ ಬಾಯಿಗೆ ಬಂದದ್ದು ಒಂದೇ ಮಾತು: “ಮನೆಗೆ ಬನ್ನಿ ಶೆಟ್ರೇ.” ಅವತ್ತು ನಾನದನ್ನು ಮನಸಾರೆ ಹೇಳಿದ್ದೆ. ಆದರೆ ವರ್ಷಗಟ್ಟಲೆ ಸುಮ್ಮಸುಮ್ಮನೆ ಹೇಳಿದ್ದ ಅದೇ ಮಾತು, ಅದೇ ದನಿ. ಅವರಿಗೆ ವ್ಯತ್ಯಾಸ ತಿಳಿಯುವುದಾದರೂ ಹೇಗೆ? “ಖಂಡಿತ, ಮೊದಲು ನೀವು ಬನ್ನಿ,” ಎಂದರು.

ಕೊನೆಗೆ ಮಾಲು ಮುಚ್ಚುವ ದಿನವೂ ಬಂತು. ಅದನ್ನು ಕೆಡವಿ, ಮನೆಮನೆಗೆ ಸಾಮಾನು ಕಳಿಸುವ ಗೋಡೌನು ಕಟ್ಟುತ್ತಾರೆಂದು ಬಾಗಿಲಲ್ಲಿ ಬೋರ್ಡು ಹಾಕಿದ್ದರು. “ಮಾಲು ಹೋಗಿ ಮಾಲು ಬರ್ತದೆ,” ಎಂದರು ಶೆಟ್ಟರು. ಈ ಸಲ ಇಬ್ಬರಿಗೂ ನಗು ಬರಲಿಲ್ಲ. ವಿಮಲಾ ಮಂಡಿನೋವೆಂದು ಕಾರಿನಲ್ಲೇ ಕೂತಿದ್ದಳು. “ನಾನು ಇನ್ನು ಮಾರ್ಗನ್ ಹಿಲ್ಲಿಗೆ, ಮಗನ ಮನೆಗೆ. ಈ ವಾರವೇ ಹೋಗುದು,” ಎಂದರು ಶೆಟ್ಟರು.

“ಹೋಗೋಕೆ ಮುಂಚೆ ಒಂದ್ಸಲ ಮನೆಗೆ ಬನ್ನಿ.”

ಶೆಟ್ಟರು ನಿಂತರು. ಬ್ಯಾಗನ್ನು ಎದೆಗೊತ್ತಿಕೊಂಡು ನನ್ನ ಮುಖವನ್ನೇ ನೋಡಿದರು. “ಯಾವಾಗ ಬರ್ಲಿ?”

ಈ ಪ್ರಶ್ನೆಯನ್ನು ನನಗೆ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ. ಈಗಲೇ ಬನ್ನಿ, ಕಾರು ಹತ್ತಿ, ವಿಮಲಾ ಮಾಡಿದ ಉಪ್ಪಿಟ್ಟು ಇದೆ ಎನ್ನಬೇಕಿತ್ತು. ಎನ್ನಲೆಂದೇ ಬಾಯಿ ತೆರೆದೆ. ನಾಲಗೆ ತನ್ನ ಪಾಡಿಗೆ ತಾನು ಹಳೆಯ ಪಾಠ ಒಪ್ಪಿಸಿತು: “ಅಯ್ಯೋ, ಮೊದಲು ನಾವೇ ಬರ್ತೀವಿ ಬಿಡಿ.”

“ಆಯ್ತು, ಬನ್ನಿ,” ಎಂದು ಶೆಟ್ಟರು ಮೆಲ್ಲಗೆ ನಡೆದುಹೋದರು.

ಕಾರಿಗೆ ಬಂದರೆ ವಿಮಲಾ ಕೇಳಿದಳು, “ಅವ್ರ ನಂಬರ್ ಇಸ್ಕೊಂಡ್ರಾ?” ದಿನಾ ಸಿಗುವವರ ನಂಬರು ಯಾಕೆಂದು ನಾನು ಕೇಳಿಯೇ ಇರಲಿಲ್ಲ. ಅವರ ಪೂರ್ತಿ ಹೆಸರೂ ಗೊತ್ತಿರಲಿಲ್ಲ. ಮಂಡಿಯನ್ನೂ ಮರೆತು ವಾಪಸ್ಸು ಓಡಿದೆ. ಪಾರ್ಕಿಂಗಿನಲ್ಲಿ ಜಾಗವೋ ಜಾಗ, ಶೆಟ್ಟರ ಕಾರಿರಲಿಲ್ಲ. ನಾವಿರುವ ಈ ಬೇ ಏರಿಯಾದಲ್ಲಿ ಬರೀ ‘ಶೆಟ್ಟರು’ ಎಂದು ಹುಡುಕಿದರೆ ಅರ್ಧ ಉಡುಪಿಯೇ ಎದ್ದು ಬರುತ್ತದೆ, ನಮ್ಮ ಶೆಟ್ಟರೊಬ್ಬರನ್ನು ಬಿಟ್ಟು.

ಈಗ ಶೆಟ್ಟರು ದಿನಾ ಹಾಕುತ್ತಿದ್ದಂಥ ಬೂದು ಸ್ವೆಟರಿನ ಬೆನ್ನು ಎಲ್ಲಿ ಕಂಡರೂ ಹಿಂದೆ ಹೋಗುತ್ತೇನೆ. ಮೊನ್ನೆ ಗ್ರೋಸರಿಯಲ್ಲಿ ಅಂಥದೊಂದು ಬೆನ್ನನ್ನು ಕರಿಬೇವಿನಿಂದ ಹಾಲಿನವರೆಗೆ ಹಿಂಬಾಲಿಸಿ ಭುಜ ಮುಟ್ಟಿದೆ. ತಿರುಗಿದವರು ಶೆಟ್ಟರಲ್ಲ, ಮಂಡ್ಯದ ಯಾರೋ. ತಪ್ಪಾಯಿತು ಎಂದೆ. ಕನ್ನಡ ಕೇಳಿ ಅವರಿಗೆ ಖುಷಿಯೋ ಖುಷಿ, ಇಲ್ಲಿಗೆ ಹೊಸಬರು, ಇನ್ನೂ ಯಾರ ಪರಿಚಯವೂ ಆಗಿಲ್ಲವಂತೆ. ಊರಿನ ಮಾತಾಡಿದೆವು, ಹೊತ್ತಾಯಿತೆಂದು ಕೈಮುಗಿದೆವು. ಹೊರಡುವಾಗ, ನಾನು ತಡೆಯುವಷ್ಟರಲ್ಲಿ, ನನ್ನ ಬಾಯಿ ಅವರಿಗೆ ಹೇಳಿಬಿಟ್ಟಿತ್ತು: “ಒಂದ್ಸಲ ಮನೆಗೆ ಬನ್ನಿ.”